ನಿಮಗಿದು ಗೊತ್ತೇ? ಬಿದ್ದವರು, ಎದ್ದವರು, ಮಂಡಿಯೂರಿದವರು

ಗೋಲು ಹೊಡೆದ ಕೂಡಲೇ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡು ಆಕಾಶ ನೋಡುವ ಆಟಗಾರರನ್ನು ಟಿ.ವಿ.ಯಲ್ಲಿ ಎಲ್ಲರೂ ಕಂಡಿದ್ದೇವೆ. ಗೆದ್ದ ದಿನದ ಪ್ರಾರ್ಥನೆ ಕ್ಯಾಮೆರಾಗೆ ಸಿಗುತ್ತದೆ. ಸೋತ ರಾತ್ರಿಯದ್ದು, 'ಇನ್ನು ನನ್ನಿಂದಾಗದು' ಅನ್ನಿಸಿದ ಹೊತ್ತಿನದ್ದು ಸಿಗುವುದಿಲ್ಲ. ಈ ಸಲದ ಅಂಕಣ ಅಂಥ ಹೊತ್ತುಗಳ ಬಗ್ಗೆ. ಕ್ರೈಸ್ತ ನಂಬಿಕೆಯಲ್ಲಿ ಬೆಳೆದ, ಇಲ್ಲವೇ ನಡುದಾರಿಯಲ್ಲಿ ಆ ನಂಬಿಕೆಯನ್ನು ಹಿಡಿದ ಕ್ರೀಡಾಪಟುಗಳ ಬದುಕಿನಿಂದ ಹೆಕ್ಕಿದ ಸಂಗತಿಗಳಿವು. ಇವರಲ್ಲಿ ಯಾರಿಗೂ ಪ್ರಾರ್ಥನೆಯಿಂದ ಗೆಲುವು ಖಾತರಿಯಾಗಲಿಲ್ಲ. ಇನ್ನೊಂದು ಸಲ ಎದ್ದು ನಿಲ್ಲುವ ಧೈರ್ಯ ಮಾತ್ರ ಸಿಕ್ಕಿತು. ನನ್ನ ಮಟ್ಟಿಗೆ ಅದೇ ದೊಡ್ಡದು.

● 1989ರ ಜೂನ್ 5, ಪ್ಯಾರಿಸ್. ಫ್ರೆಂಚ್ ಓಪನ್ ಟೆನಿಸ್‌ನ ನಾಲ್ಕನೇ ಸುತ್ತು. ವಿಶ್ವದ ನಂಬರ್ ಒನ್ ಇವಾನ್ ಲೆಂಡ್ಲ್ ಎದುರು 17 ವರ್ಷದ ಅಮೆರಿಕನ್ ಹುಡುಗ ಮೈಕೆಲ್ ಚಾಂಗ್ ಮೊದಲೆರಡು ಸೆಟ್ ಸೋತು, ಮುಂದಿನೆರಡನ್ನು ಗೆದ್ದಿದ್ದ. ಅಷ್ಟರಲ್ಲಿ ಕಾಲಿನ ಸ್ನಾಯುಗಳು ಹಿಡಿದುಕೊಂಡವು. ಕೂತರೆ ಏಳಲಾಗದೆಂದು ವಿರಾಮದಲ್ಲೂ ನಿಂತೇ ನೀರು ಕುಡಿದ, ಬಾಳೆಹಣ್ಣು ತಿಂದ. ಐದನೇ ಸೆಟ್‌ನಲ್ಲಿ 2-1ರ ಮುನ್ನಡೆಯಲ್ಲಿದ್ದಾಗ 'ಸಾಕು' ಎನ್ನಲು ಅಂಪೈರ್ ಕುರ್ಚಿಯತ್ತ ನಡೆದೇಬಿಟ್ಟ. ಅರ್ಧ ದಾರಿಯಲ್ಲಿ ನಿಂತು ತಿರುಗಿದ. ಒಮ್ಮೆ ಕೈಚೆಲ್ಲಿದರೆ ಮುಂದೆ ಕೈಚೆಲ್ಲುವುದು ಸಲೀಸಾಗಿಬಿಡುತ್ತದೆ, ಸೋಲು ಗೆಲುವನ್ನು ದೇವರಿಗೆ ಬಿಟ್ಟು ಪಂದ್ಯ ಮುಗಿಸಬೇಕು ಅನ್ನಿಸಿತು ಎಂದು ಆತ ಆಮೇಲೆ ಹೇಳಿಕೊಂಡಿದ್ದಾನೆ. 4-3ರಲ್ಲಿ ಸರ್ವ್ ಮಾಡಲು ಕಾಲೂರಲಾಗದೆ, ಕೆಳಗಿನಿಂದ ಕೈ ಬೀಸಿ ಚೆಂಡನ್ನು ಮೆಲ್ಲಗೆ ಆಚೆ ದಾಟಿಸಿದ. ಬೆಚ್ಚಿದ ಲೆಂಡ್ಲ್ ಆ ಪಾಯಿಂಟ್ ಕಳೆದುಕೊಂಡ. ಕೊನೆಯ ಪಾಯಿಂಟ್‌ಗೆ ಚಾಂಗ್ ಸರ್ವಿಸ್ ಗೆರೆಯ ಹತ್ತಿರಕ್ಕೇ ಬಂದು ನಿಂತ. ಲೆಂಡ್ಲ್ ಡಬಲ್ ಫಾಲ್ಟ್ ಮಾಡಿದ. 4 ಗಂಟೆ 37 ನಿಮಿಷದ ಆಟ ಮುಗಿದಾಗ ಹುಡುಗ ಮಣ್ಣಿನ ಅಂಗಳದಲ್ಲಿ ಕುಸಿದು ಅತ್ತ. ಆರು ದಿನಗಳ ನಂತರ ಫೈನಲ್‌ನಲ್ಲಿ ಸ್ಟೆಫಾನ್ ಎಡ್‌ಬರ್ಗ್‌ರನ್ನೂ ಸೋಲಿಸಿ ಪ್ರಶಸ್ತಿ ಎತ್ತಿದ. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದ ಅತಿ ಕಿರಿಯ ಪುರುಷ ಆಟಗಾರ ಎಂಬ ದಾಖಲೆ ಇವತ್ತಿಗೂ ಅವನದ್ದೇ.

● ಓಟವನ್ನು ಬದುಕಿಗೆ ಹೋಲಿಸುವ ಮಾತು ಬೈಬಲ್‌ನಲ್ಲೇ ಇದೆ. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಓಟಗಾರನೂ ಬರುತ್ತಾನೆ, ಮುಷ್ಟಿಕಾಳಗದವನೂ ಬರುತ್ತಾನೆ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವರಿಗೆ ಸಿಗುತ್ತಿದ್ದದ್ದು ಬಾಡಿ ಹೋಗುವ ಎಲೆಗಳ ಕಿರೀಟ. ಇದೇ ಪೌಲ ತನ್ನ ಶರೀರದಲ್ಲಿ ನಾಟಿದ್ದ ಮುಳ್ಳಿನ ಬಗ್ಗೆಯೂ ಬರೆದಿದ್ದಾನೆ. ಅದನ್ನು ತೆಗೆದುಹಾಕೆಂದು ಮೂರು ಸಲ ಬೇಡಿಕೊಂಡರೂ ಮುಳ್ಳು ಹೋಗಲಿಲ್ಲ ಎಂಬುದನ್ನು ಅವನು ಮುಚ್ಚಿಡಲಿಲ್ಲ.

● ಓಟಗಾರ ಎರಿಕ್ ಲಿಡೆಲ್ ಭಾನುವಾರ ಓಡಲೊಪ್ಪದೆ 1924ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಬಿಟ್ಟುಕೊಟ್ಟದ್ದು ಬಹಳ ಮಂದಿಗೆ ಗೊತ್ತು. 'ಚಾರಿಯಟ್ಸ್ ಆಫ್ ಫೈರ್' ಸಿನಿಮಾದಲ್ಲಿ ಹಡಗು ಹತ್ತುವಾಗ ಅವರಿಗೆ ಆ ಸುದ್ದಿ ಸಿಗುತ್ತದೆ. ನಿಜದಲ್ಲಿ ವೇಳಾಪಟ್ಟಿ ತಿಂಗಳುಗಳ ಮೊದಲೇ ಕೈಸೇರಿತ್ತು. ಅಂದರೆ, ಟೀಕೆಯನ್ನೂ ಒತ್ತಡವನ್ನೂ ಅಷ್ಟು ದಿನ ತಡೆದುಕೊಂಡೇ ಅವರು 400 ಮೀಟರ್‌ಗೆ ತಯಾರಾದರು. ಒಲಿಂಪಿಕ್ಸ್‌ಗೆ ಒಂದು ವರ್ಷ ಮೊದಲು, 1923ರ ಜುಲೈನಲ್ಲಿ, ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ 440 ಗಜದ ಓಟ. ಆರಂಭದಲ್ಲೇ ಇನ್ನೊಬ್ಬ ಓಟಗಾರ ತಾಗಿ ಲಿಡೆಲ್ ಟ್ರ್ಯಾಕಿನಾಚೆ ಬಿದ್ದರು. ಎದ್ದಾಗ ಉಳಿದವರು ಸುಮಾರು 20 ಗಜ ಮುಂದಿದ್ದರು. ತಲೆ ಹಿಂದಕ್ಕೆಸೆದು, ಬಾಯ್ತೆರೆದು, ಕೈಗಳನ್ನು ಅಡ್ಡಾದಿಡ್ಡಿ ಬೀಸುವ ತಮ್ಮದೇ ಶೈಲಿಯಲ್ಲಿ ಓಡಿ ಎಲ್ಲರನ್ನೂ ಹಿಂದಿಕ್ಕಿದರು, ಗೆರೆ ದಾಟಿ ಕುಸಿದರು. ಮರುವರ್ಷ ಜುಲೈ 11ರಂದು ಪ್ಯಾರಿಸ್‌ನಲ್ಲಿ 47.6 ಸೆಕೆಂಡ್‌ಗಳಲ್ಲಿ 400 ಮೀಟರ್ ಚಿನ್ನ.

ಅದೇ ಕೂಟಕ್ಕೆ ಬಂದಿದ್ದ ಭಾರತ ತಂಡದ ಮ್ಯಾನೇಜರ್ ಯಾರು ಗೊತ್ತೇ? 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ದೈಹಿಕ ಶಿಕ್ಷಣ ಕಾಲೇಜನ್ನು ಕಟ್ಟಿದ ಹ್ಯಾರಿ ಕ್ರೋ ಬಕ್.

● ಲಿಡೆಲ್ ಕಥೆ ಚಿನ್ನಕ್ಕೆ ಮುಗಿಯಲಿಲ್ಲ. 1925ರಲ್ಲಿ ತಾವು ಹುಟ್ಟಿದ ಚೀನಾಕ್ಕೆ ಹಿಂದಿರುಗಿ ತಿಯಾಂಜಿನ್‌ನಲ್ಲಿ ಮೇಷ್ಟ್ರಾದರು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಅವರನ್ನು ವೈಹ್ಸಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಮಕ್ಕಳಿಗೆ ವಿಜ್ಞಾನದ ಪಾಠ, ಆಟದ ಉಸ್ತುವಾರಿ ಎಲ್ಲ 'ಅಂಕಲ್ ಎರಿಕ್' ಕೆಲಸ. ಭಾನುವಾರ ಆಡಿಸುವುದಿಲ್ಲ ಎಂಬ ಅವರ ನಿಯಮ ಅಲ್ಲೂ ಇತ್ತು. ಆದರೆ ಆ ದಿನ ಹುಡುಗರು ತಾವಾಗಿ ಹಾಕಿ ಆಡಲು ಹೋಗಿ ಬಡಿದಾಡಿಕೊಂಡದ್ದನ್ನು ಕಂಡ ಮೇಲೆ, ಮುಂದಿನ ಭಾನುವಾರ ತಾವೇ ಅಂಪೈರ್ ಆಗಿ ನಿಂತರು. ಒಲಿಂಪಿಕ್ಸ್‌ಗೂ ಸಡಿಲಿಸದ ನಿಯಮವನ್ನು ಸೆರೆಯಲ್ಲಿದ್ದ ಮಕ್ಕಳಿಗಾಗಿ ಸಡಿಲಿಸಿದ ಈ ನಡೆ ನನಗೆ ಅವರ ಪದಕಕ್ಕಿಂತ ಹೆಚ್ಚು. ಮಿದುಳಿನ ಗಡ್ಡೆಯಿಂದ 1945ರ ಫೆಬ್ರವರಿ 21ರಂದು ಶಿಬಿರದಲ್ಲೇ ತೀರಿಕೊಂಡರು. ಆಗ ವಯಸ್ಸು 43.

● ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಸೋತು ಸುಣ್ಣವಾದ ಮೇಷ್ಟ್ರೊಬ್ಬರ ಕೊನೆಯ ಪ್ರಯತ್ನದಿಂದ. ಕೆನಡಾದ ಜೇಮ್ಸ್ ನೈಸ್ಮಿತ್ ಬಾಲ್ಯದಲ್ಲೇ ತಂದೆ ತಾಯಿಯನ್ನು ಟೈಫಾಯ್ಡ್‌ಗೆ ಕಳೆದುಕೊಂಡವರು. ಹೈಸ್ಕೂಲು ಬಿಟ್ಟು ಮರ ಕಡಿಯುವ ಕೆಲಸಕ್ಕೆ ಹೋಗಿ, ವರ್ಷಗಳ ಮೇಲೆ ಮತ್ತೆ ಶಾಲೆಗೆ ಮರಳಿದವರು. ದೇವಶಾಸ್ತ್ರ ಓದಿದ ಮೇಲೆ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಗೆ ಬಂದರು. 1891ರ ಚಳಿಗಾಲದಲ್ಲಿ ಅವರ ಪಾಲಿಗೆ ಬಂದದ್ದು ಯಾವ ಶಿಕ್ಷಕರಿಗೂ ಬಗ್ಗದ 18 ಮಂದಿಯ ತರಗತಿ. ಒಳಾಂಗಣಕ್ಕೊಂದು ಹೊಸ ಆಟ ಹುಡುಕಲು ಮುಖ್ಯಸ್ಥರು ಎರಡು ವಾರ ಗಡುವು ಕೊಟ್ಟರು. ಫುಟ್‌ಬಾಲನ್ನು ಒಳಗೆ ಆಡಿಸಿದರು, ಲಕ್ರಾಸ್ ಆಡಿಸಿದರು, ಯಾವುದೂ ಹೊಂದಲಿಲ್ಲ. ಗಡುವು ಮುಗಿಯುವ ಹೊತ್ತಿಗೆ 13 ನಿಯಮ ಬರೆದು, ಎರಡು ಪೆಟ್ಟಿಗೆ ತರಲು ಕಾವಲುಗಾರನಿಗೆ ಹೇಳಿದರು. ಪೆಟ್ಟಿಗೆ ಸಿಗದೆ ಆತ ಪೀಚ್ ಹಣ್ಣಿನ ಬುಟ್ಟಿಗಳನ್ನು ತಂದ. ಮೊದಲ ಪಂದ್ಯದಲ್ಲಿ ಬುಟ್ಟಿಗೆ ಬಿದ್ದದ್ದು ಒಂದೇ ಒಂದು ಚೆಂಡು. ನಾಲ್ಕು ವರ್ಷಗಳ ಬಳಿಕ ವಾಲಿಬಾಲ್ ಹುಟ್ಟಿದ್ದೂ ವೈಎಂಸಿಎಯಲ್ಲೇ. ನಮ್ಮ ಹಳ್ಳಿ ಶಾಲೆಗಳ ಅಂಗಳದಲ್ಲಿ ಸಂಜೆ ಕಟ್ಟುವ ನೆಟ್‌ನ ಮೂಲ ಅಲ್ಲಿದೆ.

● ವಿಲ್ಮಾ ರುಡಾಲ್ಫ್ ತಂದೆಯ 22 ಮಕ್ಕಳಲ್ಲಿ 20ನೆಯವಳು. ದಿನ ತುಂಬದೆ ಹುಟ್ಟಿದ ಕೂಸು, ಮೇಲೆ ಪೋಲಿಯೊ. ಅಮೆರಿಕದ ಟೆನೆಸ್ಸಿಯಲ್ಲಿ ಕರಿಯರಿಗೆ ಚಿಕಿತ್ಸೆ ಸಿಗುವ ಆಸ್ಪತ್ರೆ ಇದ್ದದ್ದು 50 ಮೈಲಿ ದೂರದ ನ್ಯಾಶ್‌ವಿಲ್‌ನಲ್ಲಿ. ಬಸ್ಸಿನ ಹಿಂದಿನ ಸೀಟಿನಲ್ಲಿ, ಏಕೆಂದರೆ ಮುಂದೆ ಕೂರುವ ಹಕ್ಕು ಇರಲಿಲ್ಲ, ತಾಯಿ ಮಗುವನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಅಕ್ಕ ಅಣ್ಣಂದಿರು ಸರದಿಯ ಮೇಲೆ ಕಾಲು ತಿಕ್ಕುತ್ತಿದ್ದರು. ಇನ್ನು ನಡೆಯಲಾರಳು ಎಂದಿದ್ದರು ವೈದ್ಯರು. ನಡೆಯುತ್ತೀ ಎಂದಳು ತಾಯಿ. ತಾನು ತಾಯಿಯ ಮಾತನ್ನೇ ನಂಬಿದೆ ಎಂದು ವಿಲ್ಮಾ ಮುಂದೆ ಬರೆದರು. ಬ್ಯಾಪ್ಟಿಸ್ಟ್ ಕುಟುಂಬದ ಆ ಹುಡುಗಿ ಒಂದು ದಿನ ಕಾಲಿನ ಕಬ್ಬಿಣದ ಪಟ್ಟಿ ಬಿಚ್ಚಿಟ್ಟು ಚರ್ಚಿನೊಳಗೆ ನಡೆದೇ ಹೋದಳು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, 16ನೇ ವಯಸ್ಸಿಗೆ, ರಿಲೇ ಕಂಚು. 1960ರ ರೋಮ್‌ನಲ್ಲಿ ಮೂರು ಚಿನ್ನ. ಊರು ಕ್ಲಾರ್ಕ್ಸ್‌ವಿಲ್ ಮೆರವಣಿಗೆ ಮಾಡಲು ಹೊರಟಾಗ, ಬಿಳಿಯರು ಕರಿಯರು ಒಟ್ಟಿಗೇ ಇರಬೇಕು ಎಂದು ಪಟ್ಟು ಹಿಡಿದರು. ಆ ಊರಿನಲ್ಲಿ ಎಲ್ಲ ಬಣ್ಣದವರೂ ಕಲೆತ ಮೊದಲ ಸಾರ್ವಜನಿಕ ಸಮಾರಂಭ ಅದು.

● 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ 800 ಮೀಟರ್ ಚಿನ್ನ ಗೆದ್ದ ಮ್ಯಾಡಲಿನ್ ಮ್ಯಾನಿಂಗ್‌ಗೆ ಮೂರನೇ ವಯಸ್ಸಿನಲ್ಲಿ ಮೆನಿಂಜೈಟಿಸ್ ಬಂದಿತ್ತು. ಓಟ ನಿಲ್ಲಿಸಿದ ಮೇಲೆ ಅವರು ಹಲವು ಒಲಿಂಪಿಕ್ಸ್‌ಗಳಿಗೆ ಮತ್ತೆ ಹೋದರು, ಕ್ರೀಡಾಪಟುಗಳ ಮಾತು ಕೇಳುವ ಚಾಪ್ಲಿನ್ ಆಗಿ.

● ಬಾಕ್ಸರ್ ಜಾರ್ಜ್ ಫೋರ್ಮನ್ 1974ರಲ್ಲಿ ಕಿನ್ಶಾಸಾದಲ್ಲಿ ಮಹಮ್ಮದ್ ಅಲಿ ಕೈಯಲ್ಲಿ ಸೋತರು. ಆ ಸೋಲು ಅವರನ್ನು ಒಳಗೊಳಗೇ ತಿಂದಿತು. 1977ರಲ್ಲಿ ಜಿಮ್ಮಿ ಯಂಗ್ ಎದುರು ಮತ್ತೆ ಸೋತ ರಾತ್ರಿ, ಡ್ರೆಸ್ಸಿಂಗ್ ರೂಮಿನಲ್ಲಿ ಸಾವನ್ನೇ ಕಂಡಂಥ ಅನುಭವವಾಗಿ, ಕ್ರಿಸ್ತನ ಹೆಸರು ಕೂಗಿದೆ ಎಂದು ಹೇಳಿಕೊಂಡಿದ್ದಾರೆ. ಗ್ಲೌಸ್ ಕಳಚಿಟ್ಟು ಹ್ಯೂಸ್ಟನ್‌ನಲ್ಲಿ ಬೋಧಕರಾದರು, ಬಡ ಹುಡುಗರಿಗೆ ಒಂದು ಕೇಂದ್ರ ತೆರೆದರು. ಹತ್ತು ವರ್ಷ ಮುಷ್ಟಿ ಎತ್ತಲಿಲ್ಲ. ಕೇಂದ್ರ ನಡೆಸಲು ದುಡ್ಡು ಸಾಲದಾದಾಗ 1987ರಲ್ಲಿ ರಿಂಗ್‌ಗೆ ಮರಳಿದರು. ಹೊಟ್ಟೆ ಬಂದ ಮುದುಕನೆಂದು ನಕ್ಕವರೇ ಎಲ್ಲ. 1994ರ ನವೆಂಬರ್ 5ರಂದು ಲಾಸ್ ವೇಗಸ್‌ನಲ್ಲಿ, ಅಲಿ ಎದುರು ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ ಹಾಕಿಕೊಂಡು ಮೈಕೆಲ್ ಮೂರರ್ ಎದುರು ನಿಂತರು. ಅಂಕದಲ್ಲಿ ಹಿಂದಿದ್ದರು. ಹತ್ತನೇ ಸುತ್ತಿನಲ್ಲಿ ಬಲಗೈಯ ಒಂದೇ ಏಟು, ಮೂರರ್ ಏಳಲಿಲ್ಲ. ಫೋರ್ಮನ್ ತಮ್ಮ ಮೂಲೆಗೆ ಹೋಗಿ ಮಂಡಿಯೂರಿ ತಲೆಬಾಗಿಸಿದರು. 45ನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದವರು ಅವರ ನಂತರ ಇನ್ನೊಬ್ಬರಿಲ್ಲ.

● ನಂಬಿಕೆ ಇದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಡೇವ್ ಡ್ರೆವೆಕಿ ಕಥೆ ಕೇಳಬೇಕು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಎಡಗೈಯಿಂದ ಚೆಂಡೆಸೆಯುತ್ತಿದ್ದ ಪಿಚರ್. 1988ರಲ್ಲಿ ಅದೇ ತೋಳಿನಲ್ಲಿ ಕ್ಯಾನ್ಸರ್ ಗಡ್ಡೆ. ಭುಜದ ಮುಖ್ಯ ಸ್ನಾಯುವಿನ ಅರ್ಧವನ್ನೇ ಕತ್ತರಿಸಿ ತೆಗೆದರು. 1989ರ ಆಗಸ್ಟ್ 10ರಂದು ಮತ್ತೆ ಮೈದಾನಕ್ಕಿಳಿದು ಗೆದ್ದರು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪವಾಡ ಎಂದೇ ಎಲ್ಲರ ಬಾಯಲ್ಲಿ. ಐದೇ ದಿನ. ಮಾಂಟ್ರಿಯಲ್‌ನಲ್ಲಿ ಒಂದು ಎಸೆತಕ್ಕೆ ತೋಳಿನ ಮೂಳೆ ಲಟಕ್ಕೆಂದಿತು. 1991ರಲ್ಲಿ ತೋಳನ್ನೂ ಭುಜವನ್ನೂ ತೆಗೆಯಬೇಕಾಯಿತು. ಖಿನ್ನತೆಗೆ ಜಾರಿದ್ದನ್ನು ಡ್ರೆವೆಕಿ ದಂಪತಿ ಬಿಚ್ಚಿ ಹೇಳಿದ್ದಾರೆ. ಅದರಿಂದ ಹೊರಬಂದು, ಕ್ಯಾನ್ಸರ್ ರೋಗಿಗಳಿಗೂ ಅಂಗ ಕಳೆದುಕೊಂಡವರಿಗೂ ಆಸರೆಯಾಗುವ ಸೇವೆ ಕಟ್ಟಿದರು.

● ಆ್ಯಶಸ್ ಸರಣಿಗೆ ಹೆಸರು ತಂದ 1882ರ ಓವಲ್ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾಕ್ಕೆ 7 ರನ್‌ಗಳಿಂದ ಸೋತಾಗ, ಒಂದೂ ಚೆಂಡು ಎದುರಿಸಲಾಗದೆ ಇನ್ನೊಂದು ತುದಿಯಲ್ಲಿ ನಿಂತೇ ಉಳಿದವರು ಚಾರ್ಲ್ಸ್ ಸ್ಟಡ್. ಆ ಋತುವಿನಲ್ಲಿ ಅದೇ ಆಸ್ಟ್ರೇಲಿಯನ್ನರ ಮೇಲೆ ಶತಕ ಹೊಡೆದಿದ್ದವರು! ಮೂರು ವರ್ಷಕ್ಕೆ ಬ್ಯಾಟ್ ಬಿಟ್ಟು ಚೀನಾಕ್ಕೆ ಮಿಷನರಿಯಾಗಿ ಹೋದರು, ಪಿತ್ರಾರ್ಜಿತ ಸಂಪತ್ತನ್ನು ಹಂಚಿಬಿಟ್ಟರು. 1900ರಿಂದ 1906ರವರೆಗೆ ಅವರಿದ್ದದ್ದು ನಮ್ಮ ಗಡಿಯಾಚೆಗಿನ ಊಟಿಯಲ್ಲಿ, ಅಲ್ಲಿನ ಯೂನಿಯನ್ ಚರ್ಚಿನ ಪಾದ್ರಿಯಾಗಿ.

● ಬೆಟ್ಟಿ ಕತ್‌ಬರ್ಟ್ 18ನೇ ವಯಸ್ಸಿಗೇ ಮೆಲ್ಬರ್ನ್‌ನಲ್ಲಿ ಮೂರು ಚಿನ್ನ ಗೆದ್ದು ಆಸ್ಟ್ರೇಲಿಯಾದ ಮನೆಮಗಳಾದರು. ರೋಮ್‌ನಲ್ಲಿ ತೊಡೆಯ ಸ್ನಾಯು ಕೈಕೊಟ್ಟಿತು. ಓಟವೇ ಬೇಡವೆಂದು ನಿವೃತ್ತರಾದರು. ಮತ್ತೆ ಓಡು ಎಂಬ ಧ್ವನಿ ಒಳಗೆ ಬಿಡದೆ ಕೇಳುತ್ತಿತ್ತು, ಅದು ದೇವರದ್ದು ಎಂದು ಅವರು ನಂಬಿದ್ದರು. 1964ರ ಟೋಕಿಯೊದಲ್ಲಿ 400 ಮೀಟರ್ ಗೆದ್ದರು. 100, 200, 400 ಮೂರರಲ್ಲೂ ಒಲಿಂಪಿಕ್ ಚಿನ್ನ ಪಡೆದವರು ಅವರೊಬ್ಬರೇ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಲುಗಳನ್ನು ಕಸಿದುಕೊಂಡ ಮೇಲೂ, 2000ದ ಸಿಡ್ನಿ ಉದ್ಘಾಟನೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತು ಜ್ಯೋತಿ ಹಿಡಿದರು.

● ಓಟಗಾರ್ತಿ ಗೇಲ್ ಡೆವರ್ಸ್ ಬ್ಯಾಪ್ಟಿಸ್ಟ್ ಪಾದ್ರಿಯ ಮಗಳು. ಥೈರಾಯ್ಡ್‌ನ ಗ್ರೇವ್ಸ್ ಕಾಯಿಲೆಯ ಚಿಕಿತ್ಸೆಯಲ್ಲಿ ಪಾದಗಳು ಬಾತು, 1991ರಲ್ಲಿ ಅವನ್ನು ಕತ್ತರಿಸುವ ಮಾತೂ ಬಂದಿತ್ತು. ಮರುವರ್ಷ ಬಾರ್ಸಿಲೋನಾದಲ್ಲಿ ಅದೇ ಪಾದಗಳು 100 ಮೀಟರ್ ಚಿನ್ನ ತಂದವು. ಕೆಲವು ದಿನಗಳಲ್ಲಿ ಹರ್ಡಲ್ಸ್ ಫೈನಲ್‌ನ ಕೊನೆಯ ಅಡೆತಡೆಗೆ ಕಾಲು ತಗುಲಿ ಮುಗ್ಗರಿಸಿ ಐದನೆಯವರಾದರು. 1996ರಲ್ಲಿ ಮತ್ತೆ 100 ಮೀಟರ್ ಚಿನ್ನ.

● ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಕಾಕಾಗೆ 18ರಲ್ಲಿ ಈಜುಕೊಳದ ಜಾರುಬಂಡೆಯಿಂದ ಬಿದ್ದು ಕತ್ತಿನ ಮೂಳೆ ಮುರಿದಿತ್ತು. ನಡೆದಾಡುವುದೇ ಕೈತಪ್ಪಬಹುದಾಗಿದ್ದ ಹುಡುಗ ಎರಡು ವರ್ಷದೊಳಗೆ ವಿಶ್ವಕಪ್ ಗೆದ್ದ ತಂಡದಲ್ಲಿದ್ದ, 2007ರಲ್ಲಿ ಬ್ಯಾಲನ್ ಡಿ'ಓರ್ ಪಡೆದ. ತಾನು ಯೇಸುವಿಗೆ ಸೇರಿದವನು ಎಂದು ಬರೆದ ಬನಿಯನ್ನು ಜೆರ್ಸಿಯೊಳಗೆ ತೊಡುತ್ತಿದ್ದ.

● ಹವಾಯಿಯ ಬೆಥನಿ ಹ್ಯಾಮಿಲ್ಟನ್‌ಗೆ 13 ವರ್ಷ. 2003ರ ಅಕ್ಟೋಬರ್ 31ರ ಬೆಳಿಗ್ಗೆ ಸರ್ಫಿಂಗ್ ಹಲಗೆಯ ಮೇಲೆ ಮಲಗಿದ್ದಾಗ ಹುಲಿ ಶಾರ್ಕ್ ಎಡತೋಳನ್ನು ಕಿತ್ತೊಯ್ದಿತು. ಅದೇ ಬೆಳಿಗ್ಗೆ ಅದೇ ಆಸ್ಪತ್ರೆಯಲ್ಲಿ ಅವಳ ತಂದೆಗೆ ಮಂಡಿಯ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಆ ಕೋಣೆಗೆ ಮಗಳನ್ನು ಒಯ್ದರು. ಒಂದು ತಿಂಗಳೊಳಗೇ ಅವಳು ಮತ್ತೆ ನೀರಿಗಿಳಿದಳು. ಒಂದೇ ಕೈಯಲ್ಲಿ ಅಲೆಗಳಡಿ ನುಸುಳಲು ತಂದೆ ಹಲಗೆಗೊಂದು ಹಿಡಿ ಜೋಡಿಸಿಕೊಟ್ಟರು. ಎರಡು ವರ್ಷದೊಳಗೆ ರಾಷ್ಟ್ರೀಯ ಪ್ರಶಸ್ತಿ.

● ಬಾಕ್ಸರ್ ಮೇರಿ ಕೋಮ್ ಮಣಿಪುರದ ಗೇಣಿ ರೈತ ಕುಟುಂಬದ ಮಗಳು, ಓದಿದ್ದು ಮೊಯಿರಾಂಗ್‌ನ ಕ್ರೈಸ್ತ ಶಾಲೆಗಳಲ್ಲಿ. 2007ರಲ್ಲಿ ಅವಳಿ ಮಕ್ಕಳಾದಾಗ ಇನ್ನು ಮುಗಿಯಿತು ಅಂದವರಿದ್ದರು. 2008ರಲ್ಲಿ ಮತ್ತೆ ವಿಶ್ವ ಚಾಂಪಿಯನ್. ಲಂಡನ್ ಒಲಿಂಪಿಕ್ಸ್‌ನಲ್ಲಿ ತಮ್ಮ 48 ಕೆ.ಜಿ. ವಿಭಾಗವೇ ಇರದೆ, 51 ಕೆ.ಜಿ.ಯಲ್ಲಿ ತಮಗಿಂತ ದೊಡ್ಡ ಮೈಕಟ್ಟಿನವರ ಜತೆ ಸೆಣಸಿ ಕಂಚು ತಂದರು. 2016ರ ರಿಯೊಗೆ ಅರ್ಹತೆಯೇ ಸಿಗಲಿಲ್ಲ. 2018ರಲ್ಲಿ ದಿಲ್ಲಿಯಲ್ಲಿ ಆರನೇ ವಿಶ್ವ ಚಿನ್ನ ಗೆದ್ದಾಗ ವಯಸ್ಸು 35.

● ಇನ್ನೊಂದು ಬಗೆಯ ಪ್ರಾಮಾಣಿಕತೆಯೂ ಇದೆ. ಬ್ರಿಟನ್ನಿನ ಟ್ರಿಪಲ್ ಜಂಪ್ ಪಟು ಜೊನಾಥನ್ ಎಡ್ವರ್ಡ್ಸ್ ಭಾನುವಾರವೆಂದು 1991ರ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟವರು. ಆಮೇಲೆ ಮನಸ್ಸು ಬದಲಿಸಿ, 1995ರಲ್ಲಿ 18.29 ಮೀಟರ್ ಜಿಗಿದು, 2000ದಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದರು. 2007ರಲ್ಲಿ, ತಮಗೀಗ ದೇವರಲ್ಲಿ ನಂಬಿಕೆ ಉಳಿದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಇಂಥ ಅಂಕಣದಲ್ಲಿ ಅವರ ಹೆಸರು ಬಿಡುವುದು ಸುಲಭವಿತ್ತು, ಆದರೆ ಅದು ನ್ಯಾಯವಲ್ಲ. ಸಂಶಯವನ್ನೂ ನಂಬಿಕೆಯಷ್ಟೇ ನೇರವಾಗಿ ಹೇಳಿದವರು ಅವರು.

● ಮಂಗಳೂರು ಮೂಲದ ಕುಟುಂಬದ, ಮುಂಬೈಯಲ್ಲಿ ಬೆಳೆದ ಜೆಮಿಮಾ ರಾಡ್ರಿಗಸ್ ಕಥೆ ನಮಗೆ ತೀರ ಹತ್ತಿರದ್ದು. 2022ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನ ಭಾರತ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. 2025ರ ವಿಶ್ವಕಪ್‌ನಲ್ಲಿ ಸಿಕ್ಕಿತು, ಆದರೆ ಆರಂಭದಲ್ಲೇ ಎರಡು ಸೊನ್ನೆ. ಇಂಗ್ಲೆಂಡ್ ಎದುರಿನ ಪಂದ್ಯಕ್ಕೆ ಹನ್ನೊಂದರಿಂದ ಕೈಬಿಟ್ಟರು. ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಸೆಮಿಫೈನಲ್; ಗೆಲ್ಲಲು 339 ರನ್ ಬೇಕು. ಮೂರನೇ ಕ್ರಮಾಂಕದಲ್ಲಿ ಇಳಿಯಬೇಕೆಂದು ಅವರಿಗೆ ತಿಳಿದದ್ದು ಕೆಲವೇ ನಿಮಿಷ ಮೊದಲು. 82ರಲ್ಲಿದ್ದಾಗ ಅವರ ಕ್ಯಾಚನ್ನು ಎದುರಾಳಿ ಕೈಚೆಲ್ಲಿದರು. ಅರ್ಧ ಶತಕಕ್ಕೂ ಬ್ಯಾಟ್ ಎತ್ತಲಿಲ್ಲ, ಶತಕಕ್ಕೂ ಎತ್ತಲಿಲ್ಲ. ದಣಿದ ಹೊತ್ತಿನಲ್ಲಿ ಬೈಬಲ್‌ನ ಒಂದು ಮಾತನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರಂತೆ, ಸುಮ್ಮನೆ ನಿಂತಿರು, ನಿನಗಾಗಿ ದೇವರು ಹೋರಾಡುತ್ತಾನೆ ಎಂಬ ಅರ್ಥದ್ದು. 134 ಎಸೆತಗಳಲ್ಲಿ ಅಜೇಯ 127. ಭಾರತ ಗುರಿ ಮುಟ್ಟಿತು; ಮಹಿಳಾ ಏಕದಿನ ಕ್ರಿಕೆಟ್‌ನಲ್ಲಿ ಅಲ್ಲಿಯವರೆಗೆ ಬೆನ್ನಟ್ಟಿ ಗೆದ್ದ ಅತಿ ದೊಡ್ಡ ಮೊತ್ತ ಅದು. ಮೂರು ದಿನಗಳಲ್ಲಿ ಭಾರತಕ್ಕೆ ವಿಶ್ವಕಪ್.

ಆ ರಾತ್ರಿ ಯೇಸುವಿಗೆ, ಅಪ್ಪ ಅಮ್ಮನಿಗೆ, ಕೋಚ್‌ಗೆ ಕೃತಜ್ಞತೆ ಹೇಳಿದ ಮೇಲೆ ಜೆಮಿಮಾ ಪತ್ರಕರ್ತರ ಮುಂದೆ ಇನ್ನೊಂದು ಮಾತನ್ನೂ ಆಡಿದರು. ಟೂರ್ನಿಯ ಆರಂಭದಲ್ಲಿ ತೀವ್ರ ಆತಂಕ ಕಾಡುತ್ತಿತ್ತು, ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದೆ, ತಂಡದ ಗೆಳತಿಯರು ಜತೆಗೆ ನಿಂತರು, ನೆರವು ಕೇಳುವುದರಲ್ಲಿ ತಪ್ಪೇನಿಲ್ಲ ಎಂದರು. ಇದನ್ನು ನೋಡುವವರಲ್ಲಿ ಯಾರಾದರೂ ಇದೇ ಕಷ್ಟದಲ್ಲಿರಬಹುದು, ಅದಕ್ಕೇ ಹೇಳುತ್ತಿದ್ದೇನೆ ಎಂದರು. ಪ್ರಾರ್ಥನೆ ಮಾಡುವವರೂ ಮನುಷ್ಯರ ಸಹಾಯ ಕೇಳಬಹುದು ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಆಟಗಾರರು ವಿರಳ.

● ಕೊನೆಯದು, ಓದಿ ಮರೆಯದೆ ಬರೆದಿಟ್ಟುಕೊಳ್ಳಬೇಕಾದದ್ದು. ಆಯ್ಕೆಯಾಗದೆ ಕುಗ್ಗಿದ ಆಟಗಾರರಿಗಿರಲಿ, ಪರೀಕ್ಷೆಯಲ್ಲಿ ಸೋತ ಮಕ್ಕಳಿಗಿರಲಿ, ನಿಮಗೇ ಇರಲಿ, ಮನಸ್ಸು ಭಾರವಾದಾಗ ಮಾತಾಡಲು ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ ಇದೆ. ಇದರ ರಾಷ್ಟ್ರೀಯ ಹೊಣೆ ಹೊತ್ತಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆ: 14416.